ಬರಕ್ಕೂ ನೆರೆಗೂ ಒಂದೇ ಯೋಜನೆ: ಬಯಲುಸೀಮೆಯ ಊರು ತಯಾರಾಗುವುದು ಹೇಗೆ?

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ (ಮಾರಿಕಣಿವೆ) ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಮಾರಿಕಣಿವೆ ತುಂಬಿದ್ದನ್ನು ನೋಡಲು ಜನ ಸಾಲುಗಟ್ಟಿದರು. ಅದೇ ಹೊತ್ತಿನಲ್ಲಿ ವೇದಾವತಿ ನದಿ ದಡದ ಹೊಲ, ತೋಟಗಳಿಗೆ ನೀರು ನುಗ್ಗಿತ್ತು. ಮುಂದಿನ ವರ್ಷ ಮಳೆಯೇ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯವರಿಗೆ ಬರ ಹೊಸದಲ್ಲ. ಆದರೆ ಈಗ ಬರುವ ಮಳೆ ಬೇರೆ ಥರ. ತಿಂಗಳುಗಟ್ಟಲೆ ಹನಿ ಇಲ್ಲ, ಆಮೇಲೆ ಒಂದೇ ರಾತ್ರಿಯಲ್ಲಿ ಹಳ್ಳ ತುಂಬಿ ಹರಿಯುತ್ತದೆ. ಬರಕ್ಕೆ ಒಂದು ಸಭೆ, ನೆರೆಗೆ ಇನ್ನೊಂದು ಸಭೆ ಅಂತ ಮಾಡಿದರೆ ಪ್ರಯೋಜನ ಇಲ್ಲ. ನೆರೆಯಲ್ಲಿ ಊರು ಬಿಟ್ಟು ಓಡಿಹೋಗುವ ನೀರೇ ಬರದಲ್ಲಿ ನಮಗೆ ಬೇಕಾದ ನೀರು. ಹಾಗಾಗಿ ಯೋಜನೆ ಒಂದೇ ಇರಬೇಕು. ಅದನ್ನು ಊರಿನವರೇ ಮಾಡಬೇಕು. ತಾಲೂಕು ಕಚೇರಿಯ ಕಡತದಲ್ಲಿರುವ ಯೋಜನೆಗೆ ನಿಮ್ಮೂರಿನ ಯಾವ ಗೋಡೆ ಸೀಳು ಬಿಟ್ಟಿದೆ ಅನ್ನುವುದು ಗೊತ್ತಿರುವುದಿಲ್ಲ ಅಲ್ವಾ?

ಯಾವಾಗ ಶುರು ಮಾಡಬೇಕು?

ಯುಗಾದಿ ಕಳೆದ ಕೂಡಲೇ. ಹೊಲದಲ್ಲಿ ಕೆಲಸ ಕಡಿಮೆ, ಕೆರೆ ಒಣಗಿರುತ್ತದೆ, ಹಳ್ಳದಲ್ಲಿ ಇಳಿದು ನಡೆಯಬಹುದು. ರೋಹಿಣಿ ಮಳೆಯ ಹೊತ್ತಿಗೆ ಮೊದಲ ಸುತ್ತಿನ ಕೆಲಸ ಮುಗಿದಿರಲಿ. ಎರಡನೇ ಸುತ್ತು ಆಗಸ್ಟ್ ಕೊನೆಗೆ, ಹುಬ್ಬೆ ಮಳೆಗೆ ಮುಂಚೆ. ಇದನ್ನು ಯಾರೂ ಬಿಡಬಾರದು. ನಮ್ಮ ಕಡೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಕೆರೆ ತುಂಬಿಸುವುದು, ಏರಿ ಒಡೆಯುವುದೂ ಅವೇ.

ಹೆಜ್ಜೆ 1: ನೀರಿನ ದಾರಿ ನಡೆದು ನೋಡಿ

ಹತ್ತು ಹನ್ನೆರಡು ಜನ ಸೇರಿ. ಗ್ರಾಮ ಪಂಚಾಯಿತಿ ಸದಸ್ಯರು, ನೀರಗಂಟಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು, ಕುರಿ ಕಾಯುವವರೊಬ್ಬರು, ಊರಿನ ಹಿರಿಯರೊಬ್ಬರು ಇರಲೇಬೇಕು. ಕುರಿ ಕಾಯುವವರನ್ನು ಮರೆಯಬೇಡಿ. ಯಾವ ಗುಡ್ಡದ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ ಅನ್ನುವುದು ಅವರಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಗುಡ್ಡದ ಬುಡದಿಂದ ಕೆರೆಗೆ, ಕೆರೆ ಕೋಡಿಯಿಂದ ಮುಂದಿನ ಹಳ್ಳಕ್ಕೆ ನೀರು ಹೋಗುವ ದಾರಿಯಲ್ಲೇ ನಡೆಯಿರಿ. ನಕ್ಷೆಯಲ್ಲಿ ಹಳ್ಳ ಇರುವ ಕಡೆ ನಿಜಕ್ಕೂ ಹಳ್ಳ ಇದೆಯೇ, ಅಥವಾ ಯಾರಾದರೂ ಉಳುಮೆ ಮಾಡಿ ಬದು ಹಾಕಿದ್ದಾರೆಯೇ ನೋಡಿ. ಬಳ್ಳಾರಿ ಜಾಲಿ ಬೆಳೆದು ಮುಚ್ಚಿದ ಜಾಗ, ಸಣ್ಣ ಪೈಪು ಹಾಕಿ ಮೇಲೆ ರಸ್ತೆ ಮಾಡಿದ ಜಾಗ, ಕಸ ತುಂಬಿದ ಮೋರಿ, ಹೊಸದಾಗಿ ಎದ್ದ ಬಡಾವಣೆ, ಎಲ್ಲವನ್ನೂ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಫೋನಿನಲ್ಲಿ ಫೋಟೋ ತೆಗೆಯಿರಿ.

ಹಿರಿಯರನ್ನು ಒಂದು ಮಾತು ಕೇಳಿ: ‘ನಿಮಗೆ ಗೊತ್ತಿದ್ದ ಹಾಗೆ ನೀರು ಎಲ್ಲಿವರೆಗೆ ಬಂದಿತ್ತು?’ ಅವರು ತೋರಿಸಿದ ಗೋಡೆಗೆ, ವಿದ್ಯುತ್ ಕಂಬಕ್ಕೆ ಬಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಗಿಂತ ಕೆಳಗೆ ಅಂಗನವಾಡಿ, ಪಡಿತರ ಅಂಗಡಿ, ಬೋರ್‌ವೆಲ್ ಮೋಟಾರಿನ ಪೆಟ್ಟಿಗೆ ಇದ್ದರೆ ಅದು ಯೋಜನೆಯ ಮೊದಲ ಕೆಲಸ.

ಒತ್ತುವರಿ ವಿಚಾರ ಬಂದರೆ ಜಗಳ ಗ್ಯಾರಂಟಿ. ಊರಿನವರೇ ಕಿತ್ತು ಹಾಕಲು ಹೋಗಬೇಡಿ. ಪಂಚಾಯಿತಿಯಿಂದ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಗಡಿ ಕಲ್ಲು ಹಾಕಿಸಿ. ಸರ್ವೆ ಆದ ಮೇಲೆ ಮಾತು ಸುಲಭ.

ಹೆಜ್ಜೆ 2: ಮನೆಗಳ ಪಟ್ಟಿ, ಬಡವರ ಮನೆಯಿಂದ

ಪಟ್ಟಿ ಮಾಡುವಾಗ ಊರ ನಡುವಿನ ದೊಡ್ಡ ಮನೆಗಳಿಂದ ಶುರು ಮಾಡುವುದು ರೂಢಿ. ಈ ಕೆಲಸದಲ್ಲಿ ಅದನ್ನು ತಿರುಗಿಸಿ. ಹಳ್ಳದ ದಂಡೆಯ ಮನೆ, ಊರಾಚೆಯ ಕೇರಿ, ಹಟ್ಟಿ, ತಾಂಡಾ, ಇಟ್ಟಿಗೆ ಭಟ್ಟಿಯ ಕೂಲಿಗಳ ಶೆಡ್ಡು ಮೊದಲು ಬರಲಿ.

ಪ್ರತಿ ಮನೆಗೂ ಮೂರು ವಿಷಯ ಬರೆದುಕೊಳ್ಳಿ. ಗೋಡೆ, ಮಾಡು ಯಾವುದು? ತಾವಾಗಿ ಎದ್ದು ನಡೆಯಲಾಗದವರು ಯಾರಿದ್ದಾರೆ? ರಾತ್ರಿ ಹೊತ್ತು ಎಬ್ಬಿಸಿ ಕರೆತರುವವರು ಯಾರು? ಮೂರನೆಯದಕ್ಕೆ ಹೆಸರು ಹಿಡಿದು ಉತ್ತರ ಇರಬೇಕು. ‘ಊರಿನ ಯುವಕರು’ ಅಂತ ಬರೆದರೆ ಆ ರಾತ್ರಿ ಯಾರೂ ಬರುವುದಿಲ್ಲ. ಇಂಥ ಅಜ್ಜಿಯನ್ನು ಇಂಥ ಹುಡುಗ ಕರೆತರುತ್ತಾನೆ, ಅವನಿಲ್ಲದಿದ್ದರೆ ಇಂಥವನು ಅಂತಲೇ ಬರೆಯಿರಿ.

ಕೆಲವು ಹಟ್ಟಿಗಳಲ್ಲಿ ಬಾಣಂತಿಯರನ್ನು, ಮುಟ್ಟಾದ ಹೆಣ್ಣುಮಕ್ಕಳನ್ನು ಊರಾಚೆಯ ಸಣ್ಣ ಗುಡಿಸಲಲ್ಲಿ ಇರಿಸುವ ಪದ್ಧತಿ ಇನ್ನೂ ಇದೆ. ಮಳೆ, ಸಿಡಿಲು, ಚಳಿ, ಹಾವು ಎಲ್ಲವೂ ಮೊದಲು ಮುಟ್ಟುವುದು ಅವರನ್ನೇ. ಈ ಪದ್ಧತಿ ನಿಲ್ಲಲೇಬೇಕು. ನಿಲ್ಲುವವರೆಗೆ ಕಾಯುತ್ತಾ ಕೂರುವ ಹಾಗೂ ಇಲ್ಲ. ಮಳೆಗಾಲದಲ್ಲಿ ತಾಯಿ, ಮಗುವಿಗೆ ಗಟ್ಟಿ ಮಾಡಿನ ಜಾಗ ಸಿಗಬೇಕು. ಆಶಾ ಕಾರ್ಯಕರ್ತೆ ಹಟ್ಟಿಯ ಯಜಮಾನರ ಜೊತೆ ಕೂತು ಏಪ್ರಿಲ್‌ನಲ್ಲೇ ಇದನ್ನು ತೀರ್ಮಾನ ಮಾಡಿಸಲಿ. ಪಟ್ಟಿಯ ಮೇಲಿನ ಸಾಲಿನಲ್ಲಿ ಅವರ ಹೆಸರಿರಲಿ.

ಭದ್ರಾ ಅಚ್ಚುಕಟ್ಟಿನ ಕಡೆ ಮಂದೆ ಹೊಡೆದುಕೊಂಡು ಹೋಗುವ ಕುರಿಗಾಹಿಗಳ ಫೋನ್ ನಂಬರ್ ಕೂಡ ಬರೆದುಕೊಳ್ಳಿ. ಅವರು ಬಯಲಲ್ಲಿ ಮಲಗುವವರು. ಮಳೆ ಮುನ್ಸೂಚನೆ ಅವರಿಗೆ ತಲುಪಿಸುವ ಹೊಣೆ ಒಬ್ಬರ ಮೇಲಿರಲಿ.

ಮಣ್ಣಿನ ಮಾಳಿಗೆ ಮನೆಗಳಿಗೆ ಬೇರೆ ಗಮನ ಬೇಕು. ಬೇಸಿಗೆಯಲ್ಲಿ ಇಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಎರಡು ಮೂರು ದಿನ ಬಿಡದೆ ಮಳೆ ಹಿಡಿದರೆ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ. ತೊಲೆ, ಜಂತಿ ಗೆದ್ದಲು ತಿಂದಿದ್ದರೆ ಕುಸಿಯುತ್ತದೆ. ಮಳೆಗೆ ಮುಂಚೆ ಜಂತಿಗಳನ್ನು ಕಟ್ಟಿಗೆಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಊರುಗೋಲು ಕೊಡಿ. ಮಾಳಿಗೆಯ ಮೇಲೆ ಹೊಸ ಕರ್ಲು ಮಣ್ಣು ಹಾಕುವ ಮುಂಚೆ ಹಳೆಯದನ್ನು ಕೆರೆದು ಇಳಿಸಿ. ವರ್ಷ ವರ್ಷ ಮೇಲೆ ಮೇಲೆ ಹಾಕಿದರೆ ಭಾರ ಜಾಸ್ತಿಯಾಗುತ್ತದೆ. ನೀರು ಹೊರಬೀಳುವ ಕೊಳವೆಯನ್ನು ಗೋಡೆಯಿಂದ ದೂರಕ್ಕೆ ಚಾಚಿ. ಬಿಡದೆ ಮಳೆ ಹಿಡಿದ ರಾತ್ರಿ, ಗೋಡೆಯಿಂದ ಮಣ್ಣು ಉದುರಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಆ ಮನೆಯಲ್ಲಿ ಯಾರೂ ಮಲಗಬಾರದು. ಶಾಲೆಗೋ ಸಮುದಾಯ ಭವನಕ್ಕೋ ಬರಲಿ. ಆ ಕಟ್ಟಡದ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನೂ ಪಟ್ಟಿಯಲ್ಲೇ ಬರೆಯಿರಿ.

ಹೆಜ್ಜೆ 3: ಕೆರೆ ಏರಿ, ಕೋಡಿ

ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಒಡೆದ ಕೆರೆ ಎರಡು ಸಲ ಹೊಡೆಯುತ್ತದೆ. ಆ ದಿನ ಕೆಳಗಿನ ಹೊಲ, ಮನೆಗಳನ್ನು ಕೊಚ್ಚುತ್ತದೆ. ಮುಂದಿನ ಬೇಸಿಗೆಯಲ್ಲಿ ಬೋರ್‌ವೆಲ್‌ಗಳನ್ನು ಬತ್ತಿಸುತ್ತದೆ.

ಏಪ್ರಿಲ್‌ನಲ್ಲಿ ಏರಿಯ ಉದ್ದಕ್ಕೂ, ಎರಡೂ ಬದಿಯಲ್ಲಿ ನಡೆಯಿರಿ. ಹೆಗ್ಗಣದ ಬಿಲ, ಬಿರುಕು, ಗಾಡಿ ಓಡಾಡಿ ಏರಿ ತಗ್ಗಾದ ಜಾಗ ಗುರುತು ಮಾಡಿ. ಏರಿಯ ಮೇಲೆ ಬಳ್ಳಾರಿ ಜಾಲಿ ದಟ್ಟವಾಗಿದ್ದರೆ ಬಿಲ, ಒಸರು ಕಣ್ಣಿಗೆ ಕಾಣುವುದೇ ಇಲ್ಲ, ಸವರಬೇಕು. ದೊಡ್ಡ ಮರವಿದ್ದರೆ ಬೇರು ಸಮೇತ ಕೀಳಬೇಡಿ, ಏರಿ ಸಡಿಲವಾಗುತ್ತದೆ. ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್‌ಗೆ ತೋರಿಸಿ. ಬಿಲಗಳನ್ನು ಜೇಡಿಮಣ್ಣು ತುಂಬಿ, ಪದರ ಪದರವಾಗಿ ದಮ್ಮಸು ಮಾಡಿ ಮುಚ್ಚಬೇಕು. ಸುಮ್ನೆ ಮೇಲೆ ಮಣ್ಣು ಸುರಿದರೆ ಮೊದಲ ನೀರಿಗೇ ಬೋಂಗಾ (ದೊಡ್ಡ ತೂತು) ಬೀಳುತ್ತದೆ.

ಕೋಡಿಯ ವಿಷಯದಲ್ಲಿ ನಮ್ಮ ಊರುಗಳು ಮಾಡುವ ದೊಡ್ಡ ತಪ್ಪೆಂದರೆ ನೀರು ಜಾಸ್ತಿ ನಿಲ್ಲಲಿ ಅಂತ ಕೋಡಿಗೆ ಕಲ್ಲು, ಮರಳಿನ ಚೀಲ ಇಟ್ಟು ಎತ್ತರಿಸುವುದು. ಆಸೆ ಅರ್ಥವಾಗುತ್ತದೆ. ಆದರೆ ಕೋಡಿ ಎತ್ತರ ಮಾಡಿದರೆ ಏರಿಯ ತಲೆಗೂ ನೀರಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ನೀರು ಏರಿಯ ಮೇಲೆ ಹರಿಯಿತೆಂದರೆ ಮಣ್ಣಿನ ಏರಿ ಉಳಿಯುವುದಿಲ್ಲ. ಕೋಡಿ ಯಾವಾಗಲೂ ಖಾಲಿ ಇರಬೇಕು, ಕೋಡಿಯ ಮುಂದಿನ ಕಾಲುವೆಯೂ ಖಾಲಿ ಇರಬೇಕು. ಮೀನು ಹಿಡಿಯಲು ಕಟ್ಟಿದ ಬಲೆಯಲ್ಲಿ ಕಸ ಸಿಕ್ಕಿ ಕೋಡಿ ಕಟ್ಟಿಕೊಳ್ಳುವುದೂ ಉಂಟು. ಗುತ್ತಿಗೆದಾರರಿಗೆ ಮೊದಲೇ ಹೇಳಿಡಿ.

ಇನ್ನೊಂದು ಹೊಸ ಸಂಗತಿ. ಜಗಳೂರು, ಭರಮಸಾಗರದ ಕಡೆ ಈಗ ಪೈಪಿನಲ್ಲಿ ತುಂಗಭದ್ರೆಯ ನೀರು ತಂದು ಕೆರೆ ತುಂಬಿಸುತ್ತಿದ್ದಾರೆ. ಬರದ ನಾಡಿಗೆ ಇದು ದೊಡ್ಡ ಆಸರೆ. ಆದರೆ ಆಗಸ್ಟ್ ಕೊನೆಗೇ ಕೆರೆ ಅಂಚಿನವರೆಗೆ ತುಂಬಿದ್ದರೆ ಉತ್ತರೆ ಮಳೆಯ ನೀರಿಗೆ ಜಾಗವೆಲ್ಲಿ? ಸೆಪ್ಟೆಂಬರ್‌ಗೆ ಮುಂಚೆ ಕೆರೆಯಲ್ಲಿ ಸ್ವಲ್ಪ ಜಾಗ ಖಾಲಿ ಉಳಿಸುವಂತೆ ಪಂಪು ನಡೆಸುವ ಇಲಾಖೆಯನ್ನು ಪಂಚಾಯಿತಿಯಿಂದ ಬರಹದಲ್ಲಿ ಕೇಳಿ. ಏರಿ ಹಳೆಯದಾದಷ್ಟೂ ಈ ಮಾತು ಮುಖ್ಯ.

ಮಳೆಗಾಲದಲ್ಲಿ ಏರಿಯ ಹಿಂಬದಿಯಲ್ಲಿ ಒಸರು ಕಂಡರೆ ನೀರಿನ ಬಣ್ಣ ನೋಡಿ. ತಿಳಿ ನೀರು ಸಣ್ಣಗೆ ಜಿನುಗಿದರೆ ಕಾವಲು ಹಾಕಿ ನೋಡುತ್ತಿರಿ. ನೀರು ಕೆಂಪಗೆ, ಮಣ್ಣು ಕಲಸಿದ ಹಾಗೆ ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಅರ್ಥ. ಕೂಡಲೇ ಕೆಳಗಿನವರನ್ನು ಎಬ್ಬಿಸಿ, 112ಕ್ಕೆ, ತಹಶೀಲ್ದಾರರಿಗೆ ಫೋನ್ ಮಾಡಿ. ಆ ತೂತಿಗೆ ಹೊರಗಿನಿಂದ ಬಟ್ಟೆ, ಮಣ್ಣು ತುರುಕಬೇಡಿ. ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಒಸರಿನ ಸುತ್ತ ಮರಳಿನ ಚೀಲಗಳನ್ನು ಬಾವಿ ಕಟ್ಟೆಯ ಹಾಗೆ ಜೋಡಿಸಿ, ಒಳಗೆ ಮರಳು, ಜಲ್ಲಿ ಹಾಕಿದರೆ ಮಣ್ಣು ತಡೆಯುತ್ತದೆ, ನೀರು ಮಾತ್ರ ಹೊರಬರುತ್ತದೆ. ಇದು ಸಮಯ ಗಳಿಸುವ ಉಪಾಯ, ಅಷ್ಟೇ. ಅದಕ್ಕೆ ಬೇಕಾದ ಖಾಲಿ ಚೀಲ, ಮರಳು, ಸನಿಕೆ, ಪುಟ್ಟಿ, ಟಾರ್ಚು ಆಗಸ್ಟ್‌ನಲ್ಲೇ ಪಂಚಾಯಿತಿಯಲ್ಲಿ ಇರಬೇಕು.

ಹೆಜ್ಜೆ 4: ಮುನ್ಸೂಚನೆ ಯಾರಿಗೆ ಬರುತ್ತದೆ, ಯಾರಿಗೆ ತಲುಪುತ್ತದೆ?

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಆ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ನಿಮ್ಮ ಭಾಗದ ಮಳೆ ಮುನ್ಸೂಚನೆ ಕೇಳಬಹುದು. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಆ್ಯಪ್ ಇದೆ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸ್ 108, ದನ ಕುರಿಗಳಿಗೆ ಪಶು ಸಂಜೀವಿನಿ 1962. ಈ ನಂಬರ್‌ಗಳನ್ನು ಹಾಲಿನ ಡೇರಿ, ಪಡಿತರ ಅಂಗಡಿ, ದೇವಸ್ಥಾನದ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.

ಮಾಹಿತಿ ಬಂದ ಮೇಲೆ ಊರಿಗೆ ಹೇಳುವವರು ಯಾರು? ವಾಟ್ಸಾಪ್ ಗ್ರೂಪ್ ಸಾಲದು. ಅಂಥ ರಾತ್ರಿ ಕರೆಂಟ್ ಇರುವುದಿಲ್ಲ, ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ದೇವಸ್ಥಾನದ, ಮಸೀದಿಯ ಮೈಕು, ಅದೂ ಇಲ್ಲದಿದ್ದರೆ ತಮಟೆ. ಯಾವ ಥರ ಬಡಿದರೆ ಏನು ಅರ್ಥ ಅಂತ ಮಕ್ಕಳಿಗೂ ಗೊತ್ತಿರಬೇಕು.

ಹೊಳೆಯ ನೆರೆ ಬೇರೆ, ಹಳ್ಳದ ನೆರೆ ಬೇರೆ. ಹೊನ್ನಾಳಿ, ಹರಿಹರದ ತುಂಗಭದ್ರಾ ದಡದವರಿಗೆ ಮೇಲಿನಿಂದ ಸುದ್ದಿ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಸಣ್ಣದು, ಮಲೆನಾಡಿನಲ್ಲಿ ಮಳೆ ಹಿಡಿದರೆ ಬೇಗ ತುಂಬಿ ನೀರು ಬಿಡುತ್ತಾರೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತನ್ನ ಗರಿಷ್ಠ ಮಟ್ಟ 186 ಅಡಿಯ ಹತ್ತಿರ ಬಂದಾಗಲೂ ಹಾಗೆಯೇ. ಈ ಎರಡೂ ಕಡೆಯ ಹೊರಹರಿವನ್ನು ದಿನಾ ಗಮನಿಸಿದರೆ ದಡದ ಜನರಿಗೆ ಸಾಮಾನು ಎತ್ತಿಡಲು, ದನ ಬಿಚ್ಚಲು ಸಮಯ ಸಿಗುತ್ತದೆ. ಚಳ್ಳಕೆರೆಯ ಹಳ್ಳಗಳಲ್ಲಿ ಆ ಸಮಯ ಇಲ್ಲ. ನಿಮ್ಮೂರಲ್ಲಿ ಹನಿ ಬೀಳದಿದ್ದರೂ ಗುಡ್ಡದಲ್ಲಿ ಸುರಿದ ಮಳೆ ಹಳ್ಳವಾಗಿ ಬರುತ್ತದೆ. ಹರಿಯುವ ಹಳ್ಳ ದಾಟಬಾರದು ಅನ್ನುವ ನಿಯಮಕ್ಕೆ ವಿನಾಯಿತಿ ಬೇಡ, ಟ್ರ್ಯಾಕ್ಟರಿಗೂ ಬೇಡ, ಶಾಲಾ ವ್ಯಾನಿಗೂ ಬೇಡ. ನೀರು ಬಂದಾಗ ಸೇತುವೆಗೆ ಹಗ್ಗ ಕಟ್ಟಿ ನಿಲ್ಲುವ ಇಬ್ಬರ ಹೆಸರು ಪಟ್ಟಿಯಲ್ಲಿರಲಿ.

ಸಿಡಿಲಿನ ಲೆಕ್ಕ ಸುಲಭ. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಒಂಟಿ ಬೇವಿನ ಮರದಡಿ ಕುರಿ ಮಂದೆ ನಿಲ್ಲಿಸುವುದು ನಮ್ಮ ಕಡೆ ರೂಢಿ. ಮಂದೆಗೂ ಕಾಯುವವರಿಗೂ ಅದರಷ್ಟು ಅಪಾಯದ ಜಾಗ ಇನ್ನೊಂದಿಲ್ಲ.

ಹೆಜ್ಜೆ 5: ಬಿದ್ದ ಮಳೆ ಹೊಲದಲ್ಲೇ ನಿಲ್ಲಲಿ

ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಒಂದೇ ಮಳೆಯ ಲೆಕ್ಕ ಇದು! ಎಷ್ಟು ನೆಲಕ್ಕೆ ಇಳಿಯುತ್ತದೆ, ಎಷ್ಟು ಹಳ್ಳಕ್ಕೆ ಓಡುತ್ತದೆ ಅನ್ನುವುದು ನಮ್ಮ ಕೈಲಿದೆ.

ಮಾಗಿ ಉಳುಮೆ ಬಿಡಬೇಡಿ. ಇಳಿಜಾರಿಗೆ ಅಡ್ಡವಾಗಿ ಉಳಬೇಕು, ಅಡ್ಡವಾಗಿಯೇ ಬಿತ್ತಬೇಕು. ಬದು ಹಾಕುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ಬರುತ್ತದೆ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸರ್ವೆ ನಂಬರ್ ಸಮೇತ ಸೇರಿಸಿ. ಒಬ್ಬರ ಹೊಲದಲ್ಲಿ ಮಾತ್ರ ಬದು ಹಾಕಿದರೆ ಮೇಲಿನ ಹೊಲದ ನೀರು ಬಂದು ಒಡೆಯುತ್ತದೆ. ಗುಡ್ಡದ ಬುಡದಿಂದ ಸಾಲಾಗಿ ಕೆಳಗೆ ಬನ್ನಿ. ಕೃಷಿ ಹೊಂಡ ಮಾಡಿಸುವವರು ಒಳಬರುವ ದಾರಿಯಲ್ಲಿ ಹೂಳು ತಡೆಯುವ ಸಣ್ಣ ಗುಂಡಿ, ಹೆಚ್ಚಾದ ನೀರು ಹೋಗಲು ಕಲ್ಲು ಕಟ್ಟಿದ ದಾರಿ, ಸುತ್ತ ತಂತಿ ಬೇಲಿ ಮೂರನ್ನೂ ಮಾಡಿಸಲೇಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಮಕ್ಕಳು ಜಾರಿದರೆ ಹತ್ತಿ ಬರಲಾಗುವುದಿಲ್ಲ. ಅಂಚಿಗೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗವೊಂದನ್ನು ಯಾವಾಗಲೂ ಒಳಗೆ ಇಳಿಬಿಟ್ಟಿರಿ.

ಬೆಳೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಇಡೀ ಹೊಲಕ್ಕೆ ಶೇಂಗಾ ಒಂದನ್ನೇ, ಇಲ್ಲವೇ ಮೆಕ್ಕೆಜೋಳ ಒಂದನ್ನೇ ಹಾಕುವುದು ಬರದ ನಾಡಿನಲ್ಲಿ ಜೂಜು. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು ಇರಲಿ. ಶೇಂಗಾ ಒಣಗಿದರೂ ಬೇರು ಆಳಕ್ಕೆ ಬಿಡುವ ತೊಗರಿ ಹಿಂಗಾರಿನ ಮಳೆಗೆ ಚೇತರಿಸಿಕೊಳ್ಳುತ್ತದೆ. ಬಿತ್ತನೆ ತಡವಾದರೆ ನವಣೆ, ಸಜ್ಜೆ, ಸಾವೆ, ಇನ್ನೂ ತಡವಾದರೆ ಹುರುಳಿ. ಈ ಬೀಜ ಜುಲೈನಲ್ಲಿ ಹುಡುಕಿದರೆ ಸಿಗುವುದಿಲ್ಲ. ಊರಿನಲ್ಲೇ ಎರಡು ಮೂರು ಮನೆಯವರು ಬೇವಿನ ಸೊಪ್ಪು, ಬೂದಿ ಹಾಕಿ ಬೀಜ ಉಳಿಸಿಡಬೇಕು.

ಹೆಜ್ಜೆ 6: ಕುಡಿಯುವ ನೀರು ಮತ್ತು ಮೇವು

ಬರದ ವರ್ಷ ಟ್ಯಾಂಕರ್ ಬರುವವರೆಗೆ ಕಾಯಬೇಡಿ. ಫೆಬ್ರವರಿಯಲ್ಲೇ ಊರಿನ ಖಾಸಗಿ ಬೋರ್‌ವೆಲ್‌ಗಳ ಪಟ್ಟಿ ಮಾಡಿ, ಎಷ್ಟು ಇಂಚು ನೀರಿದೆ, ಬಾಡಿಗೆಗೆ ಕೊಡುತ್ತಾರೆಯೇ ಕೇಳಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೂಲಕ ತಾಲೂಕಿಗೆ ಕಳಿಸಿ. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ ಹಿಡಿಯಿರಿ. ದನಗಳದು ಬೇರೆ.

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್‌ನಲ್ಲಿ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಹೊಸ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಲು ಬಿಡಬೇಡಿ. ಮನೆಯ ಮಾಳಿಗೆ, ಶೀಟಿನ ಮೇಲೆ ಬಿದ್ದ ಮಳೆನೀರಿನಲ್ಲಿ ಈ ತೊಂದರೆ ಇಲ್ಲ. ಶಾಲೆ, ಅಂಗನವಾಡಿಯ ಮಾಡಿನ ನೀರನ್ನು ಸೋಸಿ ತೊಟ್ಟಿಗೆ ಇಳಿಸಿಕೊಂಡರೆ ಮಕ್ಕಳ ಹಲ್ಲು, ಮೂಳೆ ಉಳಿಯುತ್ತವೆ.

ನೆರೆ ಇಳಿದ ಮೇಲೆ ಬಾವಿ, ತೊಟ್ಟಿಯ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಒಳ್ಳೆಯ ಪೌಡರ್ ಆದರೆ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಬೇಕು. ನೀರು ರಾಡಿಯಾಗಿದ್ದರೆ ಮೊದಲು ತಿಳಿಯಾಗಲು ಬಿಡಿ. ಹಳೆಯ, ಗಾಳಿಗೆ ತೆರೆದಿಟ್ಟ ಪೌಡರ್‌ಗೆ ಶಕ್ತಿ ಇರುವುದಿಲ್ಲ.

ಮೇವಿಗೆ ಒಂದು ಹಸುವಿಗೆ ದಿನಕ್ಕೆ 6 ಕೆ.ಜಿ. ಒಣಮೇವು ಅಂತ ಹಿಡಿದು ಊರಿಗೆ ಎಷ್ಟು ವಾರ ಬರುತ್ತದೆ ಲೆಕ್ಕ ಹಾಕಿ. ಶೇಂಗಾ ಹೊಟ್ಟು, ರಾಗಿ ಹುಲ್ಲು ಬಣವೆ ಹಾಕುವಾಗ ಎತ್ತರದ ಜಾಗ ನೋಡಿ. ಒಂದು ಎಚ್ಚರ: ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರನ್ನು ದನಕ್ಕೆ ಹಾಕಬೇಡಿ, ಅದರಲ್ಲಿ ವಿಷವಿರುತ್ತದೆ, ಕ್ಷಣದಲ್ಲಿ ದನ ಬೀಳುತ್ತವೆ. ಕುರಿಗಳಿಗೆ ಕರುಳುಬೇನೆ, ನೀಲಿ ನಾಲಿಗೆ ಲಸಿಕೆ ಮಳೆಗೆ ಮುಂಚೆಯೇ ಆಗಬೇಕು.

ಬಿಸಿಲಿಗೂ ಯೋಜನೆಯಲ್ಲಿ ಜಾಗ ಕೊಡಿ. ಏಪ್ರಿಲ್, ಮೇನಲ್ಲಿ ಖಾತ್ರಿ ಕೆಲಸ ಬೆಳಗ್ಗೆ ಬೇಗ ಶುರುವಾಗಿ 11ಕ್ಕೆ ಮುಗಿಯಲಿ. ಕೆಲಸದ ಜಾಗದಲ್ಲಿ ನೆರಳು, ನೀರು, ಓಆರ್‌ಎಸ್ ಇರಲಿ. ಬೆವರು ನಿಂತು ಮೈ ಸುಡುತ್ತಾ ಮಾತು ತೊದಲಿದರೆ ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ.

ಹೆಜ್ಜೆ 7: ಕಾಗದ ಪತ್ರ

ಪರಿಹಾರ ಕೈತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ನಷ್ಟ ಆಗುವ ಮುಂಚೆಯೇ ಇವನ್ನು ಸರಿ ಮಾಡಿಕೊಳ್ಳಿ.

ರೈತರ ಎಫ್‌ಐಡಿಯಲ್ಲಿ (ಸರ್ಕಾರ ಕೊಡುವ ರೈತ ಗುರುತಿನ ಸಂಖ್ಯೆ) ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ ನೋಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದ ಬೆಳೆ ಸರಿಯಾಗಿ ದಾಖಲಾಗಲಿ. ನೀವು ತೊಗರಿ ಹಾಕಿ, ಅಲ್ಲಿ ಮೆಕ್ಕೆಜೋಳ ಅಂತ ಇದ್ದರೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ. ಬೆಳೆ ವಿಮೆಗೆ ಮುಂಗಾರು ಆಹಾರ ಬೆಳೆ, ಎಣ್ಣೆಕಾಳುಗಳಿಗೆ ರೈತರ ಪಾಲು ವಿಮಾ ಮೊತ್ತದ ಶೇ 2. ಆಲಿಕಲ್ಲು, ಮೇಘಸ್ಫೋಟದಂಥ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು, ತಡ ಮಾಡಿದರೆ ಕೇಳುವವರಿಲ್ಲ.

ಸರ್ಕಾರದ ಬೆಳೆ ಪರಿಹಾರ ಬರುವುದು ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದಾಗ. 2022–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ. ಸಾಲದ ಮುಂದೆ ಇದು ಬಹಳ ಚಿಕ್ಕ ಮೊತ್ತ ನಿಜ, ಆದರೂ ಬಿಡಬಾರದು. ನೀವು ಅರ್ಜಿ ಹಾಕುವ ಹೊತ್ತಿಗೆ ಯಾವ ದರ ಜಾರಿಯಲ್ಲಿದೆ ಅಂತ ನಾಡಕಚೇರಿಯಲ್ಲಿ ಕೇಳಿಕೊಳ್ಳಿ. ಬೇರೆಯವರ ಹೊಲ ಕೋರಿಗೆ (ಪಾಲಿಗೆ) ಮಾಡುವವರಿಗೆ ಈ ಹಣ ತಲುಪುವುದೇ ಇಲ್ಲ, ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಬಿತ್ತುವ ಮುಂಚೆಯೇ ಪಂಚರ ಎದುರು ಮಾತಾಡಿ, ಬಂದರೆ ಹೇಗೆ ಹಂಚಿಕೊಳ್ಳಬೇಕು ಅಂತ ಬರೆದಿಟ್ಟುಕೊಳ್ಳಿ.

ಮನೆ ಬಿದ್ದರೆ ಅವಶೇಷ ತೆಗೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಅದೇ ದಿನ ತಿಳಿಸಿ. ಸಿಡಿಲಿಗೆ, ನೀರಿಗೆ ಕುರಿ, ದನ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಆ ವರದಿ ಇಲ್ಲದೆ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕದ ನಕಲು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎತ್ತರದಲ್ಲಿಡಿ.

ಇಷ್ಟೂ ಸೇರಿ ನಾಲ್ಕೈದು ಪುಟ ಆಗುತ್ತದೆ. ಗ್ರಾಮ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ಆಗಸ್ಟ್ ಕೊನೆಯ ಒಂದು ಭಾನುವಾರ ಹೇಳದೆ ಕೇಳದೆ ತಮಟೆ ಬಡಿಸಿ ನೋಡಿ. ಹಳ್ಳದ ದಂಡೆಯ ಮನೆಯವರು ಶಾಲೆ ತಲುಪಲು ಎಷ್ಟು ಹೊತ್ತು ಹಿಡಿಯಿತು, ಯಾವ ಅಜ್ಜಿಯನ್ನು ಕರೆತರಲು ಯಾರೂ ಹೋಗಲಿಲ್ಲ, ಬೀಗದ ಕೈ ಸಿಕ್ಕಿತೇ ಅನ್ನುವುದನ್ನು ಅಲ್ಲೇ ಬರೆದುಕೊಂಡು ಪಟ್ಟಿಯನ್ನು ಅದೇ ಸಂಜೆ ತಿದ್ದಿ.